ಹನ್ನೊಂದು ಹಾಡುಗಳಲ್ಲಿ ಅಡಗದ ಗಾಯಕ

ಅಮೆರಿಕದ ಕಂಟ್ರಿ ಸಂಗೀತದಲ್ಲಿ ‘ಔಟ್‌ಲಾ’ (ಕಟ್ಟುಪಾಡು ಮೀರಿದ ಬಂಡಾಯಗಾರ) ಎಂಬ ಬಿರುದನ್ನು ಹೊತ್ತವರ ಪೈಕಿ ಅಗ್ರಗಣ್ಯನೆನಿಸಿದ ವೇಲನ್ ಜೆನ್ನಿಂಗ್ಸನ ಹಾಡುಗಳಲ್ಲಿ ಹನ್ನೊಂದನ್ನು ಆಯ್ದು ಆರ್‌ಸಿಎ ಸಂಸ್ಥೆಯವರು 1979ರಲ್ಲಿ ‘ಗ್ರೇಟೆಸ್ಟ್ ಹಿಟ್ಸ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಲಕ್ಷೋಪಲಕ್ಷ ಪ್ರತಿಗಳು ಮಾರಿಹೋದ ಆ ಸಂಕಲನವೇ ಅನೇಕರ ಪಾಲಿಗೆ ಜೆನ್ನಿಂಗ್ಸನ ಸಮಗ್ರ ಪರಿಚಯವಾಗಿ ಉಳಿದಿರುವುದು ನನಗೆ ಸಮ್ಮತವಲ್ಲ. ಏಕೆಂದರೆ ತನ್ನ ಹಾಡುಗಳನ್ನು ತನ್ನಿಚ್ಛೆಯಂತೆ ಮುದ್ರಿಸುವ ಯಾವ ಹಕ್ಕಿಗಾಗಿ ಆತನು ವರ್ಷಗಟ್ಟಲೆ ಹೆಣಗಿದನೋ ಆ ಹಕ್ಕಿನ ಕಥೆಯೇ ಅದರಲ್ಲಿ ಕೇಳಿಬರುವುದಿಲ್ಲ.

1965ರಲ್ಲಿ ಜೆನ್ನಿಂಗ್ಸ್ ಆರ್‌ಸಿಎಯನ್ನು ಸೇರಿದಾಗ ಅದರ ನ್ಯಾಶ್‌ವಿಲ್ ಶಾಖೆಯಲ್ಲಿ ಚೆಟ್ ಅಟ್ಕಿನ್ಸನ ಮಾತೇ ಮಾತು. ಆತನು ಮಹಾ ಗಿಟಾರ್ ವಾದಕನೇ ಸರಿ. ಆದರೆ ಹಾಡಾವುದು, ವಾದ್ಯಗಾರರಾರು, ಪಿಟೀಲುಗಳ ಸಮೂಹವೆಷ್ಟು, ಕೋರಸ್ಸಿನ ಮಾಧುರ್ಯವೆಷ್ಟು ಎಂಬುದನ್ನೆಲ್ಲ ನಿರ್ಮಾಪಕನೇ ನಿರ್ಣಯಿಸುತ್ತಿದ್ದ ಆ ವ್ಯವಸ್ಥೆಯಲ್ಲಿ, ಗಾಯಕನೊಡನೆ ಊರೂರು ತಿರುಗಿ ನುಡಿಸುತ್ತಿದ್ದ ಸ್ವಂತ ಮೇಳದವರಿಗೆ ಸ್ಟುಡಿಯೋದ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇರುತ್ತಿತ್ತು. 1972ರಲ್ಲಿ ಒಪ್ಪಂದವನ್ನು ಹೊಸದಾಗಿ ಬರೆಯಿಸಿಕೊಂಡು ಸ್ವಾತಂತ್ರ್ಯವನ್ನು ಪಡೆದ ಜೆನ್ನಿಂಗ್ಸ್, ಮರುವರ್ಷವೇ ‘ಹಾಂಕಿ ಟಾಂಕ್ ಹೀರೋಸ್’ ಮುದ್ರಿಕೆಯಲ್ಲಿ, ಒಂದರ ಹೊರತು ಮಿಕ್ಕೆಲ್ಲ ಹಾಡುಗಳನ್ನೂ ಬಿಲ್ಲಿ ಜೋ ಶೇವರ್ ಎಂಬ, ಆಗಿನ್ನೂ ಹೆಚ್ಚು ಮಂದಿ ಅರಿಯದ ಗೀತಕಾರನಿಂದಲೇ ಆಯ್ದುಕೊಂಡನು. ಇಂತಹ ಅಖಂಡ ಕೃತಿಯಿಂದ ಸಂಕಲನಕ್ಕೆ ದಕ್ಕಿದುದು ಒಂದೇ ಒಂದು ಹಾಡು.

ಹಾಗೆಂದು ಆ ಹನ್ನೊಂದನ್ನು ಹಳಿಯುವವನು ನಾನಲ್ಲ. 1975ರ ‘ಆರ್ ಯು ಶ್ಯೂರ್ ಹ್ಯಾಂಕ್ ಡನ್ ಇಟ್ ದಿಸ್ ವೇ’ ಹಾಡೊಂದನ್ನೇ ಕೇಳಿರಿ. ಹಿಂದಿನ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸನ ವಾರಸುದಾರರೆಂದು ಹೇಳಿಕೊಂಡು ಮಿನುಗುವ ಉಡುಪುಗಳಲ್ಲಿ ಮೆರೆಯುವವರನ್ನು ಪ್ರಶ್ನಿಸುವ ಈ ಗೀತೆಯು ಕೇವಲ ಎರಡು ಕಾರ್ಡುಗಳ (ಸ್ವರಗುಚ್ಛಗಳ) ಮೇಲೆ ನಿಂತಿದೆ. ಅಲೆಯಲೆಯಾಗಿ ಕಂಪಿಸುವ ಎಲೆಕ್ಟ್ರಿಕ್ ಗಿಟಾರ್, ಎಲ್ಲಿಯೂ ಅಲಂಕಾರಕ್ಕೆ ಎಳಸದೆ ಒಂದೇ ಸಮನೆ ಬಡಿಯುವ ಡ್ರಮ್, ಅವೆರಡರ ನಡುವೆ ಟೆಕ್ಸಾಸಿನ ಲಿಟಲ್‌ಫೀಲ್ಡಿನಲ್ಲಿ ಹುಟ್ಟಿ ಬೆಳೆದವನ ಆ ಗಡುಸು ಕಂಠ. ಪಿಟೀಲುಗಳ ಸಕ್ಕರೆಪಾಕವಿಲ್ಲದೆಯೂ ಹಾಡು ನಿಲ್ಲಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಆ ಹಿಂದಿನ ಪಿಟೀಲುಗಳನ್ನು ಕೇಳಿಯೇ ಇರದವನಿಗೆ ಈ ಬರಿದುತನವು ಹೋರಾಡಿ ಗಳಿಸಿದ ಸಂಪತ್ತೆಂದು ತಿಳಿಯುವ ಬಗೆ ಹೇಗೆ?

ಇಲ್ಲಿಯೇ ಒಂದು ವಿಪರ್ಯಾಸವೂ ಉಂಟು. ಈ ಬಂಡಾಯವನ್ನು ಮನೆಮನೆಗೆ ಮುಟ್ಟಿಸಿ, ಕಂಟ್ರಿ ಸಂಗೀತದಲ್ಲಿ ಮೊಟ್ಟಮೊದಲ ಪ್ಲಾಟಿನಮ್ ಗೌರವವನ್ನು ಗಳಿಸಿದ 1976ರ ‘ವಾಂಟೆಡ್! ದಿ ಔಟ್‌ಲಾಸ್’ ಕೂಡ ಅದೇ ಸಂಸ್ಥೆಯು ಬಹುಪಾಲು ಹಳೆಯ ಧ್ವನಿಮುದ್ರಣಗಳನ್ನೇ ಒಟ್ಟುಗೂಡಿಸಿ ಕಟ್ಟಿದ ಸಂಕಲನ. 1974ರ ‘ಅಮಾಂಡಾ’ ಹಾಡಿಗೆ ಹೊಸ ಲೇಪನವನ್ನು ಕೊಟ್ಟು 1979ರಲ್ಲಿ ಮತ್ತೆ ಬಿಟ್ಟಾಗ ಅದೂ ಅಗ್ರಸ್ಥಾನಕ್ಕೇರಿತು. ವ್ಯಾಪಾರಿಗೆ ಬಂಡಾಯವೂ ಒಂದು ಸರಕೇ! ಈ ಅವಸ್ಥೆಯನ್ನು ಜೆನ್ನಿಂಗ್ಸನೇ ಮನಗಂಡಿದ್ದನು. 1977ರಲ್ಲಿ ಕೊಕೇನಿನ ಪ್ರಕರಣದಲ್ಲಿ ಬಂಧನಕ್ಕೊಳಗಾದ ತರುವಾಯ, ಈ ‘ಔಟ್‌ಲಾ’ ವೇಷವೇ ಮಿತಿಮೀರಿತಲ್ಲವೇ ಎಂದು ತನ್ನನ್ನು ತಾನೇ ಗೇಲಿಮಾಡಿಕೊಂಡು ಹಾಡಿದನು. 1979ರ ಸಂಕಲನದಲ್ಲಿ ಆ ಹಾಡಿಗೆ ಸ್ಥಳ ದೊರೆಯಲಿಲ್ಲ.

ಆತನು 2002ರಲ್ಲಿ ತೀರಿಕೊಂಡ ಬಳಿಕ, 2006ರಲ್ಲಿ ಬಂದ ‘ನ್ಯಾಶ್‌ವಿಲ್ ರೆಬೆಲ್’ ಎಂಬ ನಾಲ್ಕು ತಟ್ಟೆಗಳ ಸಂಗ್ರಹವನ್ನೇ ನಾನು ಮೇಲೆಂದು ಬಗೆಯುತ್ತೇನೆ. ಅದು ಆರಂಭವಾಗುವುದು 1958ರಲ್ಲಿ ರಾಕ್ ಗಾಯಕ ಬಡ್ಡಿ ಹಾಲಿಯ ನಿರ್ಮಾಣದಲ್ಲಿ ಮುದ್ರಿತವಾದ ‘ಜೋಲ್ ಬ್ಲಾನ್’ನಿಂದ, ಭಾಷೆ ಲೂಯಿಸಿಯಾನದ ಫ್ರೆಂಚ್, ಗಾಯಕನಿಗೆ ಅದರ ಗಂಧವೂ ಇಲ್ಲ! ಈ ತೊಡರು ಪ್ರಯತ್ನದಿಂದ ಮೊದಲ್ಗೊಂಡು, ಪರಾಧೀನ ವರ್ಷಗಳ ಸಿಹಿಯನ್ನು ಸಹಿಸಿ, ಎಪ್ಪತ್ತರ ದಶಕದ ಮಧ್ಯಭಾಗಕ್ಕೆ ಬಂದು ಸೇರುವ ಕೇಳುಗನಿಗೆ ಆ ಎರಡು ಕಾರ್ಡುಗಳ ಹಾಡು ಬೇರೆಯೇ ಆಗಿ ಕೇಳಿಸುತ್ತದೆ. ಹಣವೂ ಹೆಚ್ಚು, ಕಾಲವೂ ಹೆಚ್ಚು ಬೇಕು. ಬಿಡುವಿಲ್ಲದವರು ಹನ್ನೊಂದರಲ್ಲಿಯೇ ತೃಪ್ತರಾಗಲಿ, ಆದರೆ ಜೆನ್ನಿಂಗ್ಸನನ್ನು ಕೇಳಿ ಮುಗಿಸಿದೆವೆಂದು ಮಾತ್ರ ಹೇಳದಿರಲಿ.