ಒಂದು ಗಂಟೆಯ ವ್ಯತ್ಯಾಸಕ್ಕೆ ಇಷ್ಟು ಅಂತರವೇ?

ನಮ್ಮ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅರ್ಥಶಾಸ್ತ್ರ ವಿಭಾಗದಲ್ಲಿ ಇರುವುದು ನಾವಿಬ್ಬರೇ, ಇಬ್ಬರೂ ಹೆಂಗಸರು. ನಾನು ಕಾಯಂ ಸಹಾಯಕ ಪ್ರಾಧ್ಯಾಪಕಿ, ಆಕೆ ಅತಿಥಿ ಉಪನ್ಯಾಸಕಿ. ಆಕೆಗೂ ನೆಟ್ ಆಗಿದೆ, ಪಿಎಚ್.ಡಿ. ಇದೆ. ನನಗೆ ಯುಜಿಸಿ ನಿಯಮದಂತೆ ವಾರಕ್ಕೆ 16 ಗಂಟೆ ಪಾಠ, ಆಕೆಗೆ 15.

ನನ್ನ ಹುದ್ದೆಯ ಆರಂಭಿಕ ಮೂಲವೇತನವೇ 57,700 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ. ಆಕೆಯಷ್ಟು ಓದಿದವರಿಗೂ 2022ರವರೆಗೆ ಸಿಗುತ್ತಿದ್ದುದು ತಿಂಗಳಿಗೆ 13,000. ಆ ವರ್ಷ ಅದು 32,000ದವರೆಗೆ ಏರಿತು. 2024ರಲ್ಲಿ, ದೀರ್ಘ ಹೋರಾಟದ ಬಳಿಕ, ಸೇವಾವಧಿ ನೋಡಿ ಐದರಿಂದ ಎಂಟು ಸಾವಿರ ಸೇರಿತು. ಭತ್ಯೆಗಳನ್ನೆಲ್ಲ ಬದಿಗಿಟ್ಟು ನನ್ನ ಮೂಲವೇತನದ ಹದಿನಾರರಲ್ಲಿ ಹದಿನೈದು ಪಾಲು ಕೊಟ್ಟರೂ 54,000 ದಾಟಬೇಕು. ಆಕೆಗೆ ಹೆಚ್ಚೆಂದರೆ 40,000. ಅದೂ ಅವಧಿ ಮುಗಿದರೆ ಮುಂದಿನ ಆದೇಶ ಬರುವತನಕ ಇಲ್ಲ. ನನಗೆ ರಜೆಯಲ್ಲೂ ಸಂಬಳ ತಪ್ಪುವುದಿಲ್ಲ.

'ಅರೆಕಾಲಿಕ ಕೆಲಸ ತಾನೇ, ಮನೆ ನೋಡಿಕೊಂಡು ಮಾಡಬಹುದು, ಗಂಡನಿಗೂ ಸಂಬಳ ಇದೆಯಲ್ಲ' ಎನ್ನುವವರಿದ್ದಾರೆ. ಅವರು ಆಕೆಯ ವೇಳಾಪಟ್ಟಿ ನೋಡಬೇಕು. ಬೆಳಿಗ್ಗೆ ಹತ್ತಕ್ಕೆ ಒಂದು ತರಗತಿ, ಮಧ್ಯಾಹ್ನ ಮೂರಕ್ಕೆ ಇನ್ನೊಂದು. ನಡುವೆ ಆಂತರಿಕ ಅಂಕಗಳ ಪಟ್ಟಿ, ಹಾಜರಾತಿ, ನ್ಯಾಕ್ ಕಡತ. ಬೇರೆ ಕಡೆ ದುಡಿಯಲು ಬಿಡುವೆಲ್ಲಿ? ಗಂಡನ ಸಂಬಳದ ಪ್ರಶ್ನೆಯನ್ನಂತೂ ನನಗೆ ಯಾರೂ ಇದುವರೆಗೆ ಕೇಳಿಲ್ಲ.

2022ರ ಏರಿಕೆಗೆ ಇನ್ನೊಂದು ಮುಖವಿತ್ತು. ಅದುವರೆಗೆ ಎಂಟು-ಹತ್ತು ಗಂಟೆಯ ಕಾರ್ಯಭಾರ ಸಾಕಿತ್ತು. ಅದನ್ನು 15ಕ್ಕೆ ಏರಿಸಿದಾಗ ಹಲವರು ಕೆಲಸ ಕಳೆದುಕೊಂಡರು. ಎಳೆ ಮಗುವನ್ನು ಅಮ್ಮನ ಮಡಿಲಿಗೆ ಬಿಟ್ಟು ದಿನಕ್ಕೆರಡು ಪಾಠ ಮಾಡಿ ಹೋಗುತ್ತಿದ್ದ ಹೆಣ್ಣುಮಕ್ಕಳಿಗೆ ಆ ಕಡಿಮೆ ಗಂಟೆಗಳೇ ಬೇಕಿದ್ದವು. ಅವರು ಬೇಡವೆಂದದ್ದು ಕಡಿಮೆ ದರವನ್ನು. ನಾವು ಗಂಟೆಗಳನ್ನೇ ಕಿತ್ತುಕೊಂಡೆವು.

ಒಂದೇ ಕೆಲಸಕ್ಕೆ ಒಂದೇ ವೇತನ ಎಂಬ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2016ರಲ್ಲಿ, ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅತಿಥಿ ಉಪನ್ಯಾಸಕರಿಗೆ ಪ್ರತಿ ಪಾಠಕ್ಕೆ 1,500, ತಿಂಗಳಿಗೆ ಗರಿಷ್ಠ 50,000 ಎಂದು ಯುಜಿಸಿ 2019ರಲ್ಲೇ ಸೂಚಿಸಿದೆ. ಹೊಸ ಸಮಿತಿ ಬೇಕಿಲ್ಲ. ಎಂಟು ಗಂಟೆಯಿರಲಿ, ಹದಿನೈದಿರಲಿ, ನಮ್ಮ ವೇತನಶ್ರೇಣಿಯಿಂದಲೇ ಗಂಟೆಯ ದರ ಲೆಕ್ಕ ಹಾಕಿ, ರಜೆಯ ತಿಂಗಳಿಗೂ ಅದೇ ಪಾಲು ಕೊಡಬೇಕು. ಇದನ್ನು ಕೇಳಬೇಕಾದವರು ಆಕೆಯೊಬ್ಬಳೇ ಅಲ್ಲ. ಕಾಯಂ ಅಧ್ಯಾಪಕರ ಸಂಘಗಳು ತಮ್ಮ ಬೇಡಿಕೆ ಪಟ್ಟಿಯಲ್ಲಿ ಮೊದಲು ಬರೆಯಬೇಕಾದದ್ದು ಇದನ್ನೇ.