ರಿಲೇ ಬರೆದಿಟ್ಟ ಸಾಕ್ಷಿಯನ್ನು ಓದುವವರು ಯಾರು?

2012ರ ಜುಲೈ 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ಮರುದಿನ ಮಧ್ಯಾಹ್ನ ಪೂರ್ವ ಮತ್ತು ಈಶಾನ್ಯದ ಜಾಲಗಳನ್ನೂ ಸೇರಿಸಿಕೊಂಡು ಮತ್ತೆ ಕುಸಿಯಿತು. ಅರವತ್ತು ಕೋಟಿಗೂ ಹೆಚ್ಚು ಜನರಿರುವ ಸೀಮೆ ಕತ್ತಲಾಯಿತು. ಯಾವ ರಾಜ್ಯ ತನ್ನ ಪಾಲಿಗಿಂತ ಹೆಚ್ಚು ವಿದ್ಯುತ್ ಎಳೆದುಕೊಂಡಿತು ಎಂಬ ಜಗಳ ಕೂಡಲೇ ಶುರುವಾಯಿತು.

ನಿಜ ಸಂಗತಿ ಹೊರಬಿದ್ದದ್ದು ಯಂತ್ರಗಳ ದಾಖಲೆಯಿಂದ. ಎರಡೂ ದಿನ ಸರಣಿ ಆರಂಭವಾದದ್ದು ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ಲೈನ್ ಟ್ರಿಪ್ ಆದಾಗ. ಆ ಲೈನಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿರಲಿಲ್ಲ. ಡಿಸ್ಟೆನ್ಸ್ ರಿಲೇ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ದೋಷ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಲೋಡ್ ವಿಪರೀತ ಏರಿ ವೋಲ್ಟೇಜ್ ಇಳಿದಾಗ, ಆ ಲೆಕ್ಕಕ್ಕೆ ಬರೀ ಹೊರೆಯೂ ದೂರದ ದೋಷದಂತೆ ಕಾಣುತ್ತದೆ. ಅದರ ಮೂರನೆಯ ವಲಯ ಹಾಗೆಯೇ ಮೋಸಹೋಯಿತು.

ಇದನ್ನು ಕಂಡುಹಿಡಿಯುವುದು ಅಲೆಯ ಚಿತ್ರ ಇದ್ದರೆ ಮಾತ್ರ ಸಾಧ್ಯ. ಶಾರ್ಟ್ ಸರ್ಕ್ಯೂಟ್ ಆದರೆ ಕರೆಂಟ್ ಒಮ್ಮೆಲೇ ಚಿಮ್ಮುತ್ತದೆ. ಹೊರೆಯಾದರೆ ಮೆಲ್ಲಗೆ ಏರುತ್ತದೆ. ಹಳೆಯ ಕಾಲದ ರಿಲೇಯಲ್ಲಿ ಒಂದು ಫ್ಲ್ಯಾಗ್ ಬೀಳುತ್ತಿತ್ತು, ಪಾಳಿಯಲ್ಲಿದ್ದವರು ಅದನ್ನು ಪುಸ್ತಕದಲ್ಲಿ ಬರೆದು ರೀಸೆಟ್ ಮಾಡುತ್ತಿದ್ದರು. ಇಂದಿನ ನ್ಯೂಮರಿಕಲ್ ರಿಲೇ ದೋಷಕ್ಕೆ ಮುಂಚಿನ ಕ್ಷಣಗಳಿಂದ ಹಿಡಿದು ಬ್ರೇಕರ್ ತೆರೆಯುವವರೆಗೆ ಎಲ್ಲವನ್ನೂ ಮಿಲಿಸೆಕೆಂಡ್ ಲೆಕ್ಕದಲ್ಲಿ ಬರೆದಿಡುತ್ತದೆ. ಕೊರತೆ ಇರುವುದು ಬರೆದದ್ದನ್ನು ಹೊರತರುವುದರಲ್ಲಿ.

ರಿಲೇಯ ನೆನಪಿಗೆ ಮಿತಿಯಿದೆ. ಹೊಸ ಘಟನೆಗಳು ಬಂದಂತೆ ಹಳೆಯವು ಅಳಿಯುತ್ತವೆ. ಲ್ಯಾಪ್‌ಟಾಪ್ ಹಿಡಿದು ಯಾರೋ ಸಬ್‌ಸ್ಟೇಷನ್‌ಗೆ ಹೋಗಿ ಇಳಿಸಿಕೊಳ್ಳಲಿ ಎಂದು ಬಿಟ್ಟರೆ, ಮಳೆಗಾಲದ ಒಂದು ವಾರದ ಟ್ರಿಪ್‌ಗಳೇ ಮುಖ್ಯ ಸಾಕ್ಷಿಯನ್ನು ಒರೆಸಿಹಾಕಬಹುದು.

ಗಡಿಯಾರವೂ ಅಷ್ಟೇ ಮುಖ್ಯ. ನಮ್ಮ 50 ಹರ್ಟ್ಸ್ ಜಾಲದಲ್ಲಿ ಒಂದು ಆವರ್ತ ಅಂದರೆ 20 ಮಿಲಿಸೆಕೆಂಡ್. ಎರಡು ಸ್ಟೇಷನ್‌ಗಳ ಗಡಿಯಾರ ಒಂದು ಸೆಕೆಂಡ್ ಹಿಂದುಮುಂದಾದರೂ ಯಾವ ಲೈನ್ ಮೊದಲು ಹೋಯಿತು ಎಂಬುದು ತಲೆಕೆಳಗಾಗುತ್ತದೆ. 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು ಐದು ಕೋಟಿ ಜನರಿಗೆ ವಿದ್ಯುತ್ ಹೋದಾಗ ತನಿಖೆಗಾರರು ಪಟ್ಟ ಪಾಡು ಇದೇ: ಹಲವು ದಾಖಲೆಗಳ ಸಮಯವೇ ಒಂದಕ್ಕೊಂದು ತಾಳೆಯಾಗಲಿಲ್ಲ. ಈಗ ಅಲ್ಲಿ ಎರಡು ಮಿಲಿಸೆಕೆಂಡಿನೊಳಗೆ ಹೊಂದುವ ಗಡಿಯಾರ ಕಡ್ಡಾಯ.

ದಕ್ಷಿಣದವರಿಗೂ ಇದು ದೂರದ ಮಾತಲ್ಲ. 2012ರಲ್ಲಿ ದಕ್ಷಿಣದ ಜಾಲ ಡಿಸಿ ಕೊಂಡಿಗಳ ಆಚೆ ಬೇರೆಯಾಗಿದ್ದರಿಂದ ಉಳಿಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಅದನ್ನು ದೇಶದ ಜಾಲಕ್ಕೆ ಹೊಲಿದುಬಿಟ್ಟಿತು. ಈಗ ರಾಯಚೂರಿನ ಗಡಿಯಾರವೂ ದೆಹಲಿಯ ಗಡಿಯಾರವೂ ಒಂದೇ ಕಥೆ ಹೇಳಬೇಕು.

ರಿಲೇಗಳನ್ನು ಸಂಪರ್ಕಜಾಲಕ್ಕೆ ಸೇರಿಸಿದರೆ ಕಳ್ಳರಿಗೂ ಬಾಗಿಲು ತೆರೆದಂತೆ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. 2015ರ ಡಿಸೆಂಬರ್‌ನಲ್ಲಿ ಉಕ್ರೇನಿನ ವಿತರಣಾ ಕಂಪನಿಗಳ ಕಂಪ್ಯೂಟರ್ ಹೊಕ್ಕವರು ದೂರದಿಂದಲೇ ಬ್ರೇಕರ್ ತೆರೆದು ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರನ್ನು ಕತ್ತಲಲ್ಲಿಟ್ಟರು. ಹಾಗೆಂದು ದಾಖಲೆಯನ್ನು ರಿಲೇಯೊಳಗೇ ಕೊಳೆಯಿಸಬೇಕಿಲ್ಲ. ದಾಖಲೆ ಹೊರಗೆ ಮಾತ್ರ ಹರಿಯುವ, ಆಜ್ಞೆ ಒಳಗೆ ಬರಲಾಗದ ಪ್ರತ್ಯೇಕ ದಾರಿ ಮಾಡಬಹುದು.

ಟ್ರಿಪ್ ಆದ 24 ಗಂಟೆಯೊಳಗೆ ದಾಖಲೆಯನ್ನು ಲೋಡ್ ಡಿಸ್‌ಪ್ಯಾಚ್ ಕೇಂದ್ರಕ್ಕೆ ಕಳಿಸಬೇಕೆಂದು ಗ್ರಿಡ್ ಕೋಡ್ ಹೇಳುತ್ತದೆ. ದೊಡ್ಡ ಲೈನ್‌ಗಳಿಗಿರುವ ಈ ಶಿಸ್ತು ಊರಿನ 33 ಮತ್ತು 11 ಕಿಲೋವೋಲ್ಟ್ ಫೀಡರ್‌ಗಳಿಗೂ ಇಳಿಯಬೇಕು. ಜನ ಸಾಯುವುದು ಹೆಚ್ಚಾಗಿ ಅಲ್ಲಿ. ತಂತಿ ಹರಿದು ಬಿದ್ದಾಗ ಫೀಡರ್ ಎಷ್ಟು ಹೊತ್ತು ಜೀವಂತವಿತ್ತು, ರಿಲೇ ಹೇಳಿದರೂ ಬ್ರೇಕರ್ ತೆರೆಯಲಿಲ್ಲವೇ, ಇಲ್ಲಾ ರಿಲೇಗೇ ದೋಷ ಕಾಣಲಿಲ್ಲವೇ? ದಾಖಲೆ ಇಲ್ಲದಿದ್ದರೆ ಈ ಪ್ರಶ್ನೆಗಳಿಗೆ ಉತ್ತರವಾಗಿ ಸಿಗುವುದು ಲೈನ್‌ಮನ್‌ನ ಅಮಾನತು ಆದೇಶ ಮಾತ್ರ. ಪ್ರತಿ ಸಾವಿನ ತನಿಖಾ ವರದಿಯ ಜತೆ ಆ ಫೀಡರಿನ ರಿಲೇ ದಾಖಲೆ ಲಗತ್ತಾಗಿರಬೇಕು. ಲಗತ್ತಿಲ್ಲದಿದ್ದರೆ ಏಕಿಲ್ಲ ಎಂಬುದಕ್ಕೆ ಕಂಪನಿಯ ಹಿರಿಯ ಅಧಿಕಾರಿ ಸಹಿ ಹಾಕಿ ಕಾರಣ ಬರೆಯಬೇಕು.