ಭೂತಗಳನ್ನು ಮಕ್ಕಳೇ ಮಾಡಲಿ

ಅಕ್ಟೋಬರ್ 31 ಹತ್ತಿರ ಬಂದಂತೆ ಅಮೆರಿಕದ ಅಂಗಡಿಗಳಲ್ಲಿ ಮಿಠಾಯಿಯ ಚೀಲಗಳು ಗೋಡೆಯಂತೆ ಏಳುತ್ತವೆ. ಪುಟ್ಟಪುಟ್ಟ ಚಾಕೊಲೇಟುಗಳು, ಒಂದೊಂದಕ್ಕೂ ಒಂದೊಂದು ಹೊದಿಕೆ. ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟದ ಅಂದಾಜಿನಂತೆ 2023ರ ಹ್ಯಾಲೋವೀನಿಗೆ ಜನ ಮಿಠಾಯಿಗೆಂದೇ 360 ಕೋಟಿ ಡಾಲರ್ ಸುರಿಯಲಿದ್ದರು. ಇಷ್ಟೆಲ್ಲ ತಿನಿಸಿನಲ್ಲಿ ಮಕ್ಕಳ ಕೈ ತಾಗಿದ್ದು ಎಷ್ಟು? ಕುಂಬಳಕಾಯಿ ಕೊರೆದು ದೀಪ ಇಡುವ ಕೆಲಸವಾದರೂ ಮನೆಯಲ್ಲಿ ಉಳಿದಿದೆ. ತಿನ್ನುವ ವಸ್ತು ಮಾತ್ರ ಪೂರ್ತಿಯಾಗಿ ಕಾರ್ಖಾನೆಗೆ ಸೇರಿಹೋಗಿದೆ.

ಬಾಳೆಹಣ್ಣನ್ನು ಅರ್ಧಕ್ಕೆ ಕತ್ತರಿಸಿ ನಿಲ್ಲಿಸಿ, ಎರಡು ಚಾಕೊಲೇಟ್ ಚೂರು ಕಣ್ಣಾಗಿ ಇಟ್ಟರೆ ಭೂತ. ಸಿಪ್ಪೆ ಸುಲಿದ ಕಿತ್ತಳೆಯ ನೆತ್ತಿಗೆ ಹಸಿರು ದಂಟು ಸಿಕ್ಕಿಸಿದರೆ ಕುಂಬಳಕಾಯಿ. ಸಾಸೇಜಿಗೆ ಹಿಟ್ಟಿನ ಪಟ್ಟಿ ಸುತ್ತಿ ಬೇಯಿಸಿದರೆ ಈಜಿಪ್ಟಿನ ಮಮ್ಮಿ. ಇವನ್ನೆಲ್ಲ ‘ಮಕ್ಕಳ ಆಟ’ ಎಂದು ತಳ್ಳಿಹಾಕುವವರಿದ್ದಾರೆ. ನನ್ನ ವಾದ ಇಷ್ಟೇ: ಈ ಹಬ್ಬದಲ್ಲಿ ಉಳಿಸಿಕೊಳ್ಳಬೇಕಾದ್ದೇನಾದರೂ ಇದ್ದರೆ ಅದು ಈ ಆಟವೇ. ಅದು ಮಕ್ಕಳ ಕೈತಪ್ಪಿದ್ದು ಒಂದು ಸುಳ್ಳಿನಿಂದ.

ಸುಳ್ಳಿನ ಕತೆಗೆ ಮೊದಲು ಹಬ್ಬದ ಹಳೆಯ ಅಡುಗೆಮನೆಯನ್ನು ಒಮ್ಮೆ ನೋಡಿ ಬರೋಣ. ಇಂಗ್ಲೆಂಡಿನಲ್ಲಿ ಸತ್ತವರನ್ನು ನೆನೆಯುವ ಈ ದಿನಗಳಲ್ಲಿ ಮಕ್ಕಳೂ ಬಡವರೂ ಮನೆಮನೆಗೆ ಹೋಗಿ, ಸತ್ತವರಿಗಾಗಿ ಪ್ರಾರ್ಥಿಸಿ, ‘ಸೋಲ್ ಕೇಕ್’ ಎಂಬ ಪುಟ್ಟ ರೊಟ್ಟಿ ಪಡೆಯುತ್ತಿದ್ದರು. ಐರ್ಲೆಂಡಿನಲ್ಲಿ ಒಣದ್ರಾಕ್ಷಿಯ ಬಾರ್ಮ್‌ಬ್ರಾಕ್ ರೊಟ್ಟಿಯೊಳಗೆ ಉಂಗುರ ಅಡಗಿಸಿ, ಅದು ಯಾರ ತುಂಡಿನಲ್ಲಿ ಸಿಗುತ್ತದೋ ಅವರಿಗೆ ಬೇಗ ಮದುವೆ ಎನ್ನುತ್ತಿದ್ದರು. ಸ್ಕಾಟ್ಲೆಂಡಿನ ಮಕ್ಕಳು ದಾರಕ್ಕೆ ತೂಗುಹಾಕಿದ ಕಾಕಂಬಿ ಬಳಿದ ಸ್ಕೋನನ್ನು ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಕಚ್ಚಿ ಹಿಡಿಯಲು ಹೆಣಗುತ್ತಿದ್ದರು. ಸಾವು, ಮದುವೆ, ಅದೃಷ್ಟ ಎಲ್ಲವೂ ಹಿಟ್ಟಿನಲ್ಲಿ ಕಲಸಿ ಬರುತ್ತಿದ್ದ ಕಾಲ ಅದು.

ಅಮೆರಿಕದಲ್ಲೂ ಬಹುಕಾಲ ಹೀಗೆಯೇ ಇತ್ತು. ಎರಡನೆಯ ಮಹಾಯುದ್ಧದ ಸಕ್ಕರೆ ಪಡಿತರ 1947ರಲ್ಲಿ ಮುಗಿದ ಮೇಲೆ ‘ಟ್ರಿಕ್ ಆರ್ ಟ್ರೀಟ್’ ದೇಶವೆಲ್ಲ ಹಬ್ಬಿತು. ಆಗ ಬಾಗಿಲಿಗೆ ಬಂದ ಮಕ್ಕಳ ಚೀಲಕ್ಕೆ ಪಾಪ್‌ಕಾರ್ನ್ ಉಂಡೆ, ಸಕ್ಕರೆಪಾಕದ ಸೇಬು, ಮನೆಯ ಬಿಸ್ಕತ್ತುಗಳೂ ಬೀಳುತ್ತಿದ್ದವು. ಆಮೇಲೆ ವದಂತಿ ಹಬ್ಬಿತು: ಸೇಬಿನೊಳಗೆ ಬ್ಲೇಡು, ಮಿಠಾಯಿಯೊಳಗೆ ವಿಷ. ಆಸ್ಪತ್ರೆಗಳು ಮಕ್ಕಳ ಮಿಠಾಯಿ ಚೀಲಗಳಿಗೆ ಎಕ್ಸ್-ರೇ ತೆಗೆದುಕೊಡುವಷ್ಟು ಭಯ ಬೆಳೆಯಿತು.

ನಿಜ ಏನು? ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞ ಮತ್ತು ಸಹಲೇಖಕ ಜೆರಾಲ್ಡ್ ಹೊರಿಯುಚಿ 1958ರಿಂದ ಈಚಿನ ಪತ್ರಿಕಾ ವರದಿಗಳನ್ನು ಜಾಲಾಡಿ 1985ರಲ್ಲಿ ಪ್ರಬಂಧ ಪ್ರಕಟಿಸಿದರು. ಅಪರಿಚಿತರು ಕೊಟ್ಟ ಹ್ಯಾಲೋವೀನ್ ತಿನಿಸಿನಿಂದ ಮಗು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಒಂದೇ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. ಹಾಗಾದರೆ ಭಯಕ್ಕೆ ಆಧಾರವೇ ಇರಲಿಲ್ಲವೆ? ಎರಡು ಘಟನೆಗಳನ್ನು ಜನ ನೆನೆಯುತ್ತಾರೆ. 1974ರಲ್ಲಿ ಟೆಕ್ಸಾಸಿನಲ್ಲಿ ಒಬ್ಬ ತಂದೆ ವಿಮೆಯ ಹಣಕ್ಕಾಗಿ ಮಿಠಾಯಿಗೆ ಸಯನೈಡ್ ಬೆರೆಸಿ ಸ್ವಂತ ಮಗನನ್ನೇ ಕೊಂದ. 1982ರಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ಮಾತ್ರೆಗಳಲ್ಲಿ ಸಯನೈಡ್ ಸೇರಿಸಿ ಏಳು ಜನ ಸತ್ತರು. ಆ ವರ್ಷದ ಹ್ಯಾಲೋವೀನಿಗೆ ಹೆದರಿಕೆ ನೆತ್ತಿಗೇರಿತು.

ಈ ಎರಡನ್ನೂ ಇನ್ನೊಮ್ಮೆ ಓದಿ. ಮೊದಲನೆಯದರಲ್ಲಿ ವಿಷ ಬೆರೆತದ್ದು ಕಾರ್ಖಾನೆಯ ಮಿಠಾಯಿಗೆ. ಎರಡನೆಯದರಲ್ಲಿ ಅಂಗಡಿಯಿಂದ ಕೊಂಡ ಮಾತ್ರೆಗೆ. ಎರಡರಲ್ಲೂ ಪಕ್ಕದ ಮನೆಯ ಅಜ್ಜಿ ಇಲ್ಲ, ಅವಳ ಪಾಪ್‌ಕಾರ್ನ್ ಉಂಡೆ ಇಲ್ಲ. ಆದರೂ ಶಿಕ್ಷೆಯಾದದ್ದು ಅವಳಿಗೇ! ಕಂಪನಿಯ ಹೊದಿಕೆ ಇದ್ದದ್ದು ಪವಿತ್ರ, ಮನುಷ್ಯರ ಕೈಯಿಂದ ಬಂದದ್ದು ಮೈಲಿಗೆ ಎಂಬ ಹೊಸ ಮಡಿ ಹುಟ್ಟಿಕೊಂಡಿತು. ಇದರಿಂದ ಯಾರಿಗೆ ಲಾಭವಾಯಿತೆಂದು ಬೇರೆ ಹೇಳಬೇಕೆ?

ಆ ಹೊದಿಕೆಯ ಪಾವಿತ್ರ್ಯವನ್ನೂ ಸ್ವಲ್ಪ ಕೆರೆದು ನೋಡಬೇಕು. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಆ ಎರಡು ದೇಶಗಳ ಕೋಕೋ ಸೀಮೆಯಲ್ಲಿ ಸುಮಾರು 15.6 ಲಕ್ಷ ಮಕ್ಕಳು ಕೋಕೋ ಕೆಲಸದಲ್ಲಿ ಬಾಲಕಾರ್ಮಿಕರಾಗಿದ್ದಾರೆಂದು ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯೊಂದು 2020ರಲ್ಲಿ ವರದಿ ಮಾಡಿತು. ಒಂದು ದೇಶದ ಮಕ್ಕಳ ಹಬ್ಬಕ್ಕೆ ಇನ್ನೊಂದು ದೇಶದ ಮಕ್ಕಳು ದುಡಿಯುತ್ತಾರೆ. ಯಾವ ಎಕ್ಸ್-ರೇಯಲ್ಲೂ ಇದು ಕಾಣುವುದಿಲ್ಲ.

‘ಹಾಗಂತ ಎಚ್ಚರ ಬೇಡವೇ?’ ಎಂದು ಕೇಳಬಹುದು. ಖಂಡಿತ ಬೇಕು, ಆದರೆ ನಿಜವಾದ ಅಪಾಯದ ಕಡೆಗೆ ಬೇಕು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಾಲ್ಕು ದಶಕಗಳ ಅಂಕಿಅಂಶ ನೋಡಿ, ಹ್ಯಾಲೋವೀನ್ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಅಪಾಯ ಆಸುಪಾಸಿನ ಸಂಜೆಗಳಿಗಿಂತ ಶೇಕಡಾ 43ರಷ್ಟು ಹೆಚ್ಚು ಎಂದಿತು. ಸೇಬಿಗೆ ಹೆದರಿದವರು ಕಾರಿಗೆ ಹೆದರಲಿಲ್ಲ. ಅಡುಗೆಮನೆಯ ಎಚ್ಚರವೂ ಹೀಗೆಯೇ. ‘ಭೂತದ ಕಣ್ಣುಗುಡ್ಡೆ’ ಎಂದು ಇಡೀ ದ್ರಾಕ್ಷಿ ಇಡುವುದು ಚೆಂದ, ಆದರೆ ನಾಲ್ಕು ವರ್ಷದೊಳಗಿನ ಮಕ್ಕಳ ಗಂಟಲಿಗೆ ಅದು ಸಿಕ್ಕಿಕೊಳ್ಳಬಹುದು. ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬೇಕು. ಪಾಪ್‌ಕಾರ್ನ್, ಇಡೀ ಕಡಲೆಬೀಜ ಅವರಿಗೆ ಬೇಡ. ಶೇಂಗಾ, ಹಾಲು, ಮೊಟ್ಟೆ ಯಾರಿಗೆ ಆಗದು ಎಂದು ಮೊದಲೇ ಕೇಳಬೇಕು. ಅಲರ್ಜಿಯ ಕಾರಣಕ್ಕೆ ಶಾಲೆಯೊಂದು ಮನೆಯ ತಿನಿಸು ಬೇಡವೆಂದರೆ ಅದು ನ್ಯಾಯ, ಒಪ್ಪುತ್ತೇನೆ. ಆದರೆ ಅಲರ್ಜಿಗೆ ಮದ್ದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದು. ವದಂತಿ ಕಲಿಸಿದ್ದು ಒಬ್ಬರನ್ನೊಬ್ಬರು ಶಂಕಿಸುವುದನ್ನು.

ಇನ್ನೊಬ್ಬ ಎದುರಾಳಿ ಈಚಿನವನು, ಫೋಟೋ. ಮಕ್ಕಳಿಗೆಂದು ತಾಯಿ ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದ ಅಚ್ಚುಕಟ್ಟಾದ ಬಾವಲಿ, ಜೇಡ, ಮಾಟಗಾತಿಯ ಬೆರಳು. ಬೆಳಕು ಸರಿಮಾಡಿ ಪಟ ತೆಗೆಯುವವರೆಗೆ ಮಗು ಮುಟ್ಟುವಂತಿಲ್ಲ. ಇದು ಕಾರ್ಖಾನೆಗಿಂತ ಹೇಗೆ ಬೇರೆ? ಕಾರ್ಖಾನೆಗೆ ಕನಿಷ್ಠ ಪಾಳಿ ಮುಗಿಯುವ ಹೊತ್ತಾದರೂ ಇದೆ. ಭೂತ ವಕ್ರವಾಗಿಯೇ ಇರಲಿ, ಒಂದು ಕಣ್ಣು ಕೆನ್ನೆಯ ಮೇಲೆ ಜಾರಿರಲಿ. ಕತ್ತಲೆಗೆ ಹೆದರುವ ಮಗು ತಾನೇ ಒಂದು ಭೂತವನ್ನು ಮಾಡುತ್ತದೆ, ಕಣ್ಣಿಡುತ್ತದೆ, ಹೆಸರಿಡುತ್ತದೆ, ಆಮೇಲೆ ತಲೆ ಕಚ್ಚಿ ತಿನ್ನುತ್ತದೆ. ಹೆದರಿಕೆಯ ಮೇಲೆ ಇಂಥ ಗೆಲುವು ಸಿದ್ಧ ಮಿಠಾಯಿಯ ಹೊದಿಕೆ ಹರಿಯುವುದರಲ್ಲಿ ಇಲ್ಲ. ‘ಪುರುಸೊತ್ತೆಲ್ಲಿ?’ ಎನ್ನುವವರಿಗೆ: ಬಾಳೆಹಣ್ಣಿನ ಭೂತಕ್ಕೆ ಐದು ನಿಮಿಷ ಸಾಕು, ಅದನ್ನು ಅಪ್ಪಂದಿರೂ ಮಾಡಿಸಬಹುದು.

ಅಮೆರಿಕದ ಕನ್ನಡ ಮನೆಗಳಿಗೆ ಈ ಹಬ್ಬ ಹೊಸದೇನಲ್ಲ. ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟುಗಳಲ್ಲೂ ಈಗ ಮಕ್ಕಳು ವೇಷ ಹಾಕಿ ಬಾಗಿಲು ತಟ್ಟುತ್ತಾರೆ. ‘ಪರದೇಶದ ದೆವ್ವ ನಮಗೇಕೆ, ಊರಿನವೇ ಸಾಲದೇ?’ ಎಂದು ಗೊಣಗುವವರಿದ್ದಾರೆ. ಅವರೊಡನೆ ನನ್ನ ಜಗಳ ಚಿಕ್ಕದು. ಹಬ್ಬ ಬೇಡವೆಂದರೆ ಬೇಡ. ನನ್ನ ದೊಡ್ಡ ಜಗಳ, ಹಬ್ಬ ಬೇಕೆಂದು ಅದರ ಮಿಠಾಯಿ ಚೀಲವನ್ನಷ್ಟೇ ಆಮದು ಮಾಡಿಕೊಳ್ಳುವವರೊಡನೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮನೆಯ ಮಕ್ಕಳಿಗೆ ತಿನ್ನುವ ಗೊಂಬೆ ಗೊತ್ತು. ಮರದ ಅಚ್ಚು ಬಿಚ್ಚುವಾಗ ಉಸಿರು ಬಿಗಿಹಿಡಿದು ಕಾಯುವುದು ಗೊತ್ತು, ಕಿವಿ ಮುರಿದ ಆನೆ ತಮ್ಮ ಪಾಲಿಗೇ ಬರುವುದೂ ಗೊತ್ತು. ಅದೂ ಈಗ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಅಲ್ಲಿ ವಿಷದ ವದಂತಿಯೂ ಬೇಕಾಗಲಿಲ್ಲ, ನಮ್ಮ ಸೋಮಾರಿತನವೇ ಸಾಕಾಯಿತು.

ಹಾಗಾಗಿ ಕೇಳುವುದು ದೊಡ್ಡದೇನಲ್ಲ. ಬಾಗಿಲಿಗೆ ಬರುವ ಗುರುತಿಲ್ಲದ ಮಕ್ಕಳಿಗೆ ಪೊಟ್ಟಣದ ಮಿಠಾಯಿಯನ್ನೇ ಕೊಡಿ, ಅವರ ತಂದೆತಾಯಿಗೂ ನೆಮ್ಮದಿ. ಆದರೆ ಆ ದಿನ ಸಂಜೆ, ಬೀದಿಗೆ ಹೊರಡುವ ಮುಂಚೆ, ಗುರುತಿನ ನಾಲ್ಕು ಮನೆಯ ಮಕ್ಕಳನ್ನು ಒಂದು ಅಡುಗೆಮನೆಗೆ ಕರೆಯಿರಿ. ಕೈ ತೊಳೆಸಿ, ಬಾಳೆಹಣ್ಣು, ಕಿತ್ತಳೆ, ಹಿಟ್ಟು ಮುಂದಿಟ್ಟು ನೀವು ದೂರ ನಿಲ್ಲಿ. ಕುಂಬಳಕಾಯಿ ಕೊರೆದಾಗ ಹೊರಬಂದ ಬೀಜಗಳನ್ನು ಎಸೆಯದೆ ಉಪ್ಪು ಹಾಕಿ ಹುರಿಯಿರಿ. ಅವು ದೊಡ್ಡ ಮಕ್ಕಳಿಗೂ ನಿಮಗೂ ಆಗುತ್ತವೆ. ಮೇಜು ಗಲೀಜಾಗುತ್ತದೆ. ಒರೆಸುವ ಬಟ್ಟೆಯನ್ನೂ ಮಕ್ಕಳ ಕೈಗೇ ಕೊಡಿ.